ಚೋಕ್ ವೈರ್ ಬಿಸಿ ಆಗ್ಲತ್ತದ ಅಂದಿದ್ದರು ಅಪ್ಪ

ಹೋದ ಸಲದ ಅಂಕಣದಲ್ಲಿ ನಮ್ಮ ಮನೆಯ ಅಂಬಾಸಿಡರ್ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೇ ಎಷ್ಟೋ ಜನ “ಗಾಡಿ ಇನ್ನೂ ಇದೆಯಾ, ಗುಜರಿಗೆ ಹೋಯ್ತಾ?” ಅಂತ ಕೇಳಿದ್ದೀರಿ. ಇದೆ. ಆದರೆ ಗುಜರಿಗೆ ಹೋಗೋದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಅದನ್ನು ಉಳಿಸಿದ್ದು ನಾನಲ್ಲ. ನಾನು ಮೂರು ತಿಂಗಳು ಕೇಳಿಸಿಕೊಳ್ಳದೇ ಬಿಟ್ಟ ಒಂದು ಮಾತು. ಈ ಸಲ ಅದರ ಕಥೆ.

ನಮ್ಮೂರು ಔರಾದ. ಅಪ್ಪ ರಿಟೈರ್ ಆದ ಮಾಸ್ತರು. ಗಾಡಿ 1986ರ ಮಾಡೆಲ್, ಮಾರ್ಕ್ 4, ಪೆಟ್ರೋಲ್. ನಾನು ಇನ್ನೂ ಸಾಲಿಗೆ ಹೋಗುವಾಗ ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಶೋಕಿಗಾಗಿ ಇಟ್ಟುಕೊಂಡ ಗಾಡಿ ಅಲ್ಲ ಇದು. ಅವ್ವನಿಗೆ ಎರಡೂ ಮೊಣಕಾಲಿನ ತೊಂದರೆ. ತಿಂಗಳಿಗೊಮ್ಮೆ ಬೀದರ್‌ಗೆ ತೋರಿಸಲು ಹೋಗಬೇಕು. ಬಸ್ಸಿನ ಮೆಟ್ಟಿಲು ಹತ್ತೋದು ಅವಳಿಗೆ ಆಗುವುದಿಲ್ಲ. ಈಗಿನ ಸಣ್ಣ ಕಾರುಗಳಲ್ಲಿ ತಗ್ಗಿನ ಸೀಟಿಗೆ ಬಗ್ಗಿ ಕೂರೋದೂ ಆಗುವುದಿಲ್ಲ. ಅಂಬಾಸಿಡರಿನ ಸೀಟು ಕುರ್ಚಿಯ ಎತ್ತರಕ್ಕಿದೆ, ಬಾಗಿಲು ಅಗಲ. ಹಿಂದಕ್ಕೆ ಸರಿದು ಕೂತು, ಕಾಲು ಒಳಗೆ ಎಳೆದುಕೊಂಡರೆ ಆಯ್ತು.

ಅಂಥ ಗಾಡಿ ಒಂದು ದಿನ ಸಂತಪುರದ ಹತ್ತಿರ ಕೈಕೊಟ್ಟಿತು. ಬೀದರ್‌ನಿಂದ ವಾಪಸ್ ಬರುವಾಗ ಚಹಾಕ್ಕೆ ನಿಲ್ಲಿಸಿದ್ದಾರೆ. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಸೆಲ್ಫ್ ‘ಊಂ… ಊಂ’ ಅಂದು ನಿಂತುಬಿಟ್ಟಿತು. ನಾಲ್ಕು ಜನ ಧಕ್ಕಾ ಹೊಡೆದರು, ಸ್ಟಾರ್ಟ್ ಆಯ್ತು. ಅದಾದ ಮೇಲೆ ಇದೇ ರೂಢಿಯಾಯಿತು. ಧಕ್ಕಾ ಹೊಡೆಯುವವರಲ್ಲಿ ಅಪ್ಪನ ಹಳೆಯ ವಿದ್ಯಾರ್ಥಿಗಳೂ ಇರುತ್ತಿದ್ದರು. ಅಪ್ಪ ಏನೂ ಹೇಳಲಿಲ್ಲ, ಗಾಡಿ ಹೊರಗೆ ತೆಗೆಯೋದನ್ನೇ ಬಿಟ್ಟರು. ಅವ್ವನ ಆ ತಿಂಗಳ ತಪಾಸಣೆ ತಪ್ಪಿತು. ಮುಂದಿನ ತಿಂಗಳದ್ದೂ ತಪ್ಪಿತು.

ಹೈದರಾಬಾದಿನಿಂದ ನಾನು ಮಾಡಿದ ರಿಪೇರಿ

ನಾನಿರೋದು ಹೈದರಾಬಾದಿನಲ್ಲಿ. ಇಂಜಿನಿಯರಿಂಗ್ ಓದಿದ ಮಗ ಅಂದಮೇಲೆ ಸಲಹೆ ಕೊಡಬೇಕಲ್ಲ. ಫೋನಿನಲ್ಲೇ ಶುರು ಮಾಡಿದೆ.

ಮೊದಲು ಬ್ಯಾಟರಿ. ಐದು ವರ್ಷದ ಹಳೆಯದು, ಹೋಗಿರಬೇಕು ಅಂದೆ. ಹೊಸದಕ್ಕೆ 5,400 ರೂಪಾಯಿ. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಮತ್ತೆ ಅದೇ ಹಾಡು. ಆಮೇಲೆ ಕಾಯಿಲ್, ಪ್ಲಗ್, ಪಾಯಿಂಟ್, ಕಂಡೆನ್ಸರ್. ಅದಕ್ಕೆ 1,900. ಆಮೇಲೆ ಸೆಲ್ಫ್ ಬಿಚ್ಚಿಸಿ ಬ್ರಶ್, ಬುಶ್ ಎಲ್ಲ ಹೊಸದು ಹಾಕಿಸಿದ್ದಕ್ಕೆ 2,600. ಒಟ್ಟು 9,900 ರೂಪಾಯಿ ಹೋಯಿತು. ಗಾಡಿ ಮಾತ್ರ ಬಿಸಿಯಾದ ಮೇಲೆ ಸ್ಟಾರ್ಟ್ ಆಗಲೇ ಇಲ್ಲ.

ಈ ನಡುವೆ ಆರ್‌ಸಿ ನವೀಕರಣದ ಮಾತೂ ಬಂತು. 15 ವರ್ಷ ದಾಟಿದ ಸ್ವಂತ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ ಅದನ್ನು 10,000ಕ್ಕೆ ಏರಿಸಿದರು. 50 ವರ್ಷ ತುಂಬಿದ್ದರೆ ‘ವಿಂಟೇಜ್’ ಅನ್ನೋ ಬೇರೆ ಲೆಕ್ಕ ಇದೆ. ನಮ್ಮದು ಹಳೆಯದಾಗಿಯೂ ವಿಂಟೇಜ್ ಆಗದ ನಡುವಯಸ್ಸಿನ ಗಾಡಿ. “ಸ್ಟಾರ್ಟ್ ಆಗ್ಲಾರದ ಗಾಡಿಗಿ ಹತ್ತು ಸಾವಿರ ಯಾಕ ಕಟ್ಟಬೇಕು? ಕೊಟ್ಟುಬಿಡ್ರಿ” ಅಂದಳು ಅವ್ವ. ಅವಳ ಮಾತಿನಲ್ಲಿ ತಪ್ಪಿಲ್ಲ. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಅಮರೇಶ್ವರ ಜಾತ್ರೆಗೆ ಊರಿಗೆ ಹೋಗುವಾಗ ಒಂದು ಮಲ್ಟಿಮೀಟರ್ ತಗೊಂಡು ಹೋದೆ. ಈ ಸಲ ಮುಗಿಸಲೇಬೇಕು ಅಂತ.

ಮೊದಲು ಕಾಗದ

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ರೋಗ ಇದೆ. ಯಾರಾದರೂ ದೋಷ ಬರೆದು ಕಳಿಸಿದರೆ ಅದನ್ನು ಪೂರ್ತಿ ಓದದೆ, ನಮಗೆ ಗೊತ್ತಿರುವ ಕಾರಣಕ್ಕೆ ಅದನ್ನು ಹೊಂದಿಸಿ ಮುಚ್ಚಿಬಿಡೋದು. ಅಪ್ಪನ ವಿಷಯದಲ್ಲಿ ನಾನು ಅದನ್ನೇ ಮಾಡಿದ್ದೆ ಅಂತ ಆ ದಿನ ಬೆಳಿಗ್ಗೆ ಹೊಳೆಯಿತು. ಬಾನೆಟ್ ಎತ್ತುವ ಮೊದಲು ಅಪ್ಪನ ಮುಂದೆ ಕೂತು, ಒಂದು ಕಾಗದ ತಗೊಂಡು, “ಅಪ್ಪಾ, ಮೊದಲಿಂದ ಹೇಳ್ರಿ. ನಾ ನಡುವ ಮಾತಾಡಂಗಿಲ್ಲ” ಅಂದೆ.

ಅಪ್ಪ ಹೇಳಿದ್ದು ಇಷ್ಟು.

ಒಂದು, ಮುಂಜಾನೆ ಥಂಡಿಯಲ್ಲಿ ಸ್ಟಾರ್ಟ್ ಆಗ್ತದೆ, ಆದರೆ ಸೆಲ್ಫ್ ಸ್ವಲ್ಪ ಜಡ. ಎರಡು, ಒಂದು ತಾಸು ಓಡಿಸಿ ನಿಲ್ಲಿಸಿದ ಮೇಲೆ ಸೆಲ್ಫ್ ಎಳೆಯೋದಿಲ್ಲ. ಮೂರು, ಆಗ ಹೆಡ್‌ಲೈಟ್ ಹಾಕಿ ನೋಡಿದರೆ ಬೆಳಕು ಹಾಗೇ ಇರುತ್ತದೆ, ಸೆಲ್ಫ್ ಹೊಡೆದರೂ ಅಷ್ಟು ಮಂಕಾಗುವುದಿಲ್ಲ. ನಾಲ್ಕು, ಧಕ್ಕಾ ಹೊಡೆದರೆ ಹತ್ತು ಹೆಜ್ಜೆಗೆ ಸ್ಟಾರ್ಟ್, ಆಮೇಲೆ ಒಂದು ಸಲವೂ ಮಿಸ್ ಹೊಡೆಯುವುದಿಲ್ಲ. ಐದು, ಹೋದ ಮಳೆಗಾಲದಲ್ಲಿ ಗಾಡಿಯ ತಳಕ್ಕೆ ತುಕ್ಕು ಹಿಡಿಯದಂತೆ ಬಣ್ಣ ಹಚ್ಚಿಸಿದ್ದರು, ಅದಾದ ಮೇಲೇ ಇದು ಶುರು.

ಕಡೆಗೆ ಅಪ್ಪ ಸ್ವಲ್ಪ ಸಂಕೋಚದಿಂದ ಅಂದರು: “ಮತ್ತ ಇನ್ನೊಂದು. ನಿನಗ ಆಗೇ ಹೇಳಿದ್ದೆ, ದಸರಾದಾಗ. ಸೆಲ್ಫ್ ಭಾಳ ಹೊತ್ತು ಹೊಡದ್ರ ಚೋಕ್ ವೈರ್ ಬಿಸಿ ಆಗ್ಲತ್ತದ. ಒಂದ್ ಸಲ ಕೈ ಸುಟ್ಟಂಗ ಆಯ್ತು.”

ಹೌದು, ಹೇಳಿದ್ದರು. ನಾನು ಏನಂದಿದ್ದೆ ಅಂತಲೂ ನೆನಪಾಯಿತು. “ಇಂಜಿನ್ ಬಿಸಿಗೆ ಹಂಗ ಆಗಿರ್ತದ, ಬಿಡ್ರಿ ಅಪ್ಪಾ” ಅಂದಿದ್ದೆ. ಆಗ ಮೀಟಿಂಗ್ ಇತ್ತು.

ಆ ಒಂದು ಮಾತನ್ನು ಕೇಳಿಸಿಕೊಂಡಿದ್ದರೆ 9,900 ರೂಪಾಯಿ ಉಳಿಯುತ್ತಿತ್ತು, ಅವ್ವನ ಎರಡು ತಪಾಸಣೆಯೂ ತಪ್ಪುತ್ತಿರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಕರೆಂಟು ಹೋಗುವ ದಾರಿ, ಬರುವ ದಾರಿ

ಅಂಬಾಸಿಡರ್ ಅಂದರೆ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಹಿಂದೂಸ್ತಾನ್ ಮೋಟರ್ಸ್‌ನವರು ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಇದನ್ನು ತಯಾರಿಸಿದರು. ನಮ್ಮ ಗಾಡಿಯಲ್ಲಿರೋದು 1489 ಸಿಸಿ ಇಂಜಿನ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ‘ಚೆಕ್ ಇಂಜಿನ್’ ದೀಪ ಇಲ್ಲ. ಸ್ಟಾರ್ಟ್ ಆಗೋದಕ್ಕೆ ಮೂರೇ ಕೆಲಸ ಆಗಬೇಕು. ಸೆಲ್ಫ್ ಇಂಜಿನ್ ತಿರುಗಿಸಬೇಕು, ಪ್ಲಗ್‌ನಲ್ಲಿ ಕಿಡಿ ಬರಬೇಕು, ಪೆಟ್ರೋಲ್ ತಲುಪಬೇಕು. ಈ ಮೂರರಲ್ಲಿ ಯಾವುದು ಆಗುತ್ತಿಲ್ಲ ಅಂತ ಮೊದಲು ಬೇರೆ ಮಾಡಬೇಕು. ನಾನು ಫೋನಿನಲ್ಲಿ ಮೂರನ್ನೂ ಕಲಸಿಬಿಟ್ಟಿದ್ದೆ.

ಅಪ್ಪನ ನಾಲ್ಕನೇ ಮಾತು ನೋಡಿ. ಧಕ್ಕಾ ಹೊಡೆದರೆ ತಕ್ಷಣ ಸ್ಟಾರ್ಟ್, ಆಮೇಲೆ ಮಿಸ್ ಇಲ್ಲ. ಅಂದರೆ ಕಿಡಿಯೂ ಸರಿ, ಪೆಟ್ರೋಲೂ ಸರಿ. ಕಾಯಿಲ್, ಪಾಯಿಂಟ್ ಬದಲಿಸಿದ್ದು ದಂಡ. ತೊಂದರೆ ಸೆಲ್ಫ್ ಕೆಲಸ ಮಾಡುವಾಗ ಮಾತ್ರ.

ಮೂರನೇ ಮಾತು. ಸೆಲ್ಫ್ ಹೊಡೆದರೂ ಲೈಟ್ ಮಂಕಾಗುವುದಿಲ್ಲ. ಬ್ಯಾಟರಿ ಹೋಗಿದ್ದರೆ ಲೈಟ್ ಪೂರಾ ಕುಸಿಯಬೇಕಿತ್ತು. ಸೆಲ್ಫ್ ಒಳಗೆ ಜಾಮ್ ಆಗಿದ್ದರೂ ಅದು ವಿಪರೀತ ಕರೆಂಟ್ ಎಳೆದು ಲೈಟ್ ಕುಸಿಯುತ್ತಿತ್ತು. ಲೈಟ್ ಹಾಗೇ ಇದ್ದು ಸೆಲ್ಫ್ ಮಾತ್ರ ಸೋತರೆ, ಬ್ಯಾಟರಿಯ ಹತ್ತಿರ ಶಕ್ತಿ ಇದೆ, ಅದು ಸೆಲ್ಫ್‌ಗೆ ಮುಟ್ಟುತ್ತಿಲ್ಲ ಅಂತ ಅರ್ಥ. ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ.

ದಾರಿ ಅಂದಾಗ ನಾವೆಲ್ಲ ಬ್ಯಾಟರಿಯ ಪ್ಲಸ್‌ನಿಂದ ಸೆಲ್ಫ್‌ಗೆ ಹೋಗುವ ದಪ್ಪ ವೈರನ್ನು ಮಾತ್ರ ನೋಡುತ್ತೇವೆ. ಆದರೆ ಹೋದ ಕರೆಂಟು ವಾಪಸ್ ಬರಬೇಕು. ಸೆಲ್ಫ್‌ನಿಂದ ಅದು ಇಂಜಿನ್ನಿನ ಕಬ್ಬಿಣಕ್ಕೆ ಬರುತ್ತದೆ. ಇಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯೋದಿಲ್ಲ. ಅದಕ್ಕೇ ಇಂಜಿನ್ನಿಗೂ ಬಾಡಿಗೂ ನಡುವೆ ತಾಮ್ರದ ಎಳೆಗಳನ್ನು ಹೆಣೆದ ಒಂದು ಪಟ್ಟಿ ಹಾಕಿರುತ್ತಾರೆ. ಗ್ಯಾರೇಜಿನಲ್ಲಿ ಅದಕ್ಕೆ ‘ಅರ್ಥ್ ಪಟ್ಟಿ’ ಅಂತಾರೆ. ಅಲ್ಲಿಂದ ಬಾಡಿ, ಬಾಡಿಯಿಂದ ಬ್ಯಾಟರಿಯ ಮೈನಸ್.

ಆ ಪಟ್ಟಿ ಕೆಟ್ಟರೆ? ಕರೆಂಟು ಬೇರೆ ದಾರಿ ಹುಡುಕುತ್ತದೆ. ಇಂಜಿನ್ನಿಗೂ ಬಾಡಿಗೂ ಸೇರಿಕೊಂಡಿರುವ ಇನ್ನೊಂದು ಲೋಹದ ವಸ್ತು ಯಾವುದು? ಕಾರ್ಬುರೇಟರ್‌ನಿಂದ ಡ್ಯಾಶ್‌ಬೋರ್ಡಿಗೆ ಬರುವ ಚೋಕ್ ವೈರ್! ನೂರು ಆಂಪಿಯರಿನ ಹೊರೆ ಆ ಸಣ್ಣ ಉಕ್ಕಿನ ವೈರಿನ ಮೇಲೆ ಬಿದ್ದರೆ ಅದು ಬಿಸಿಯಾಗದೆ ಇನ್ನೇನಾಗುತ್ತದೆ?

ಅಪ್ಪ ದಸರಾದಲ್ಲೇ ಉತ್ತರ ಹೇಳಿದ್ದರು.

ಚಾಚಾನ ಕೈ, ನನ್ನ ಮೀಟರ್

ಗೊತ್ತಾಯ್ತು ಅಂತ ಪಟ್ಟಿ ಬದಲಿಸಿಬಿಟ್ಟರೆ ಅದು ನಾಲ್ಕನೇ ಊಹೆ ಆಗುತ್ತಿತ್ತು. ಮೂರು ಊಹೆಗೆ ಆಗಲೇ ದುಡ್ಡು ಕೊಟ್ಟಾಗಿತ್ತು. ಅಳೆಯಬೇಕು ಅಂದುಕೊಂಡೆ. ಅಪ್ಪ, “ಚಾಚಾನ್ನ ಕರೀತೀನಿ, ಅವರೂ ನೋಡ್ಲಿ” ಅಂದರು. ಚಾಚಾ ಅಂದರೆ ನಮ್ಮ ಗಾಡಿಯನ್ನು ಮೊದಲಿನಿಂದ ನೋಡಿದ ಮಿಸ್ತ್ರಿ. ಕಣ್ಣು ಮಂಜಾದ ಮೇಲೆ ಗ್ಯಾರೇಜು ಬಿಟ್ಟು ಮನೆಯಲ್ಲಿದ್ದಾರೆ. ಹಾಗಾಗಿ ಈ ಮೂರು ತಿಂಗಳ ರಿಪೇರಿಗೆ ಅವರನ್ನು ಯಾರೂ ಕೇಳಿರಲಿಲ್ಲ.

ಗಾಡಿಯನ್ನು ಒಂದು ತಾಸು ಓಡಿಸಿ ಬಿಸಿ ಮಾಡಿಕೊಂಡು ಬಂದೆವು. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಸೆಲ್ಫ್ ತಿರುಗಿದರೂ ಇಂಜಿನ್ ಸ್ಟಾರ್ಟ್ ಆಗದಂತೆ ಕಾಯಿಲ್‌ಗೆ ಬರುವ ಸಣ್ಣ ವೈರ್ ತೆಗೆದು, ಬಾಡಿಗೆ ತಾಗದಂತೆ ಟೇಪ್ ಸುತ್ತಿದೆ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟೆ.

ನಿಂತಾಗ ಬ್ಯಾಟರಿ 12.6 ವೋಲ್ಟ್. ಅಂದರೆ ಪೂರ್ತಿ ಚಾರ್ಜ್. ಇದೊಂದನ್ನೇ ನೋಡಿ ‘ಕರೆಂಟ್ ಸರಿ ಇದೆ’ ಅಂದುಕೊಳ್ಳಬಾರದು. ಮುಚ್ಚಿದ ನಳದ ಹಿಂದೆ ನೀರಿನ ಒತ್ತಡ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ನಳ ತೆರೆದಾಗ ಎಷ್ಟು ಬರುತ್ತದೆ ಅನ್ನೋದೇ ಲೆಕ್ಕ. ಹಾಗೆ ಸೆಲ್ಫ್ ಹೊಡೆಯುತ್ತಿರುವಾಗಲೇ ಅಳೆಯಬೇಕು.

“ಅಪ್ಪಾ, ಹೊಡೀರಿ” ಅಂದೆ. ಅಪ್ಪ ಕೀ ತಿರುಗಿಸಿದರು. ‘ಊಂ… ಊಂ’. ಬ್ಯಾಟರಿಯ ಎರಡು ಕಂಬದ ನಡುವೆ 11.4. ಪ್ಲಸ್ ಕಂಬದಿಂದ ಸೆಲ್ಫ್‌ನ ಬೋಲ್ಟಿಗೆ 0.3. ಹೋಗುವ ದಾರಿ ಸರಿ ಇದೆ, ಅರ್ಧ ವೋಲ್ಟಿನ ಒಳಗಿದ್ದರೆ ಚಿಂತೆ ಇಲ್ಲ. ಈಗ ಒಂದು ಮೊನೆ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಚೊಕ್ಕ ಕಬ್ಬಿಣಕ್ಕೆ. “ಮತ್ತೊಮ್ಮೆ ಹೊಡೀರಿ.”

2.9 ವೋಲ್ಟ್.

ಇಲ್ಲಿ 0.2ರ ಆಸುಪಾಸು ಇರಬೇಕಿತ್ತು. ಬ್ಯಾಟರಿ ಕೊಟ್ಟ 11.4ರಲ್ಲಿ ಸುಮಾರು ಮೂರು ವೋಲ್ಟ್ ವಾಪಸ್ ಬರುವ ದಾರಿಯಲ್ಲೇ ಕರಗಿ, ಸೆಲ್ಫ್‌ಗೆ ಸಿಗುತ್ತಿದ್ದದ್ದು 8.2. ಸೆಲ್ಫ್ ಸುಮಾರು 120 ಆಂಪಿಯರ್ ಎಳೆಯುತ್ತಿತ್ತು ಅಂತ ಇಟ್ಟುಕೊಂಡರೂ ಆ ಅಡ್ಡಿ 0.024 ಓಮ್ ಮಾತ್ರ. ನಮ್ಮ ಸಾದಾ ಮೀಟರಿನ ಓಮ್ ಸ್ಕೇಲಿನಲ್ಲಿ ಇದು ಕಾಣೋದೇ ಇಲ್ಲ, ಮೀಟರಿನ ವೈರಿನ ಅಡ್ಡಿಯೇ ಅದಕ್ಕಿಂತ ಹೆಚ್ಚು. ಮೂರು ನಾಲ್ಕು ಆಂಪಿಯರ್ ಎಳೆಯುವ ಕಾಯಿಲ್‌ಗೆ ಈ ಅಡ್ಡಿ ಲೆಕ್ಕಕ್ಕೇ ಇಲ್ಲ. ಧಕ್ಕಾ ಹೊಡೆದಾಗ ಗಾಡಿ ಸುಮ್ಮನೆ ಸ್ಟಾರ್ಟ್ ಆಗುತ್ತಿದ್ದದ್ದು ಅದಕ್ಕೇ. ಆದರೆ 120 ಆಂಪಿಯರ್ ಹರಿದಾಗ ಅಲ್ಲಿ ಸುಮಾರು 350 ವ್ಯಾಟ್ ಶಾಖವಾಗಿ ಹೋಗುತ್ತದೆ. ಮನೆಯ ನಾಲ್ಕೈದು ಫ್ಯಾನ್ ತಿನ್ನುವಷ್ಟು.

ನಾನು ಈ ಲೆಕ್ಕ ಅಪ್ಪನಿಗೆ ತೋರಿಸುತ್ತಿದ್ದೆ. ಚಾಚಾ ಮಾತಾಡದೆ ಬಗ್ಗಿ, ಕೈ ಕೆಳಗೆ ಹಾಕಿ, ಗೇರ್‌ಬಾಕ್ಸಿನ ಹತ್ತಿರ ತಡಕಿದರು.

“ಬೇಟಾ, ನಿನ್ನ ಮೀಟರ್ ಎಷ್ಟು ಅಂತದ?”

“2.9, ಚಾಚಾ.”

“ಇಲ್ಲಿ ಕೈ ಹಚ್ಚು. ಹುಷಾರ್, ಜರಾ ಬಿಸಿ ಅದ.”

ಪಟ್ಟಿಯ ತುದಿ, ಬಾಡಿಗೆ ಬೋಲ್ಟ್ ಹಾಕಿದ ಜಾಗ, ಚಹಾದ ಕಪ್ಪಿನ ಹಾಗೆ ಸುಡುತ್ತಿತ್ತು. ಪಕ್ಕದ ಕಬ್ಬಿಣ ಬರೀ ಬೆಚ್ಚಗಿತ್ತು. ಚಾಚಾಗೆ ವೋಲ್ಟೂ ಬೇಕಾಗಿರಲಿಲ್ಲ, ಓಮೂ ಬೇಕಾಗಿರಲಿಲ್ಲ. ಆಮೇಲೆ ತಮ್ಮ ಚೀಲದಿಂದ ಒಂದು ಹಳೆಯ ದಪ್ಪ ಕೇಬಲ್ ತೆಗೆದರು. ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಸೀದಾ ಇಂಜಿನ್ನಿಗೆ. “ಮಾಸ್ತರ್ ಸಾಬ್, ಈಗ ಹೊಡೀರಿ.”

ಸೆಲ್ಫ್ ಗಿರ್ರನೆ ತಿರುಗಿತು. ಮೂರು ತಿಂಗಳ ಮೇಲೆ ಆ ಸದ್ದು ಕೇಳಿದ್ದು. ಅವ್ವ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು.

ಪಟ್ಟಿ ಬಿಚ್ಚಿದರೆ ಎಲ್ಲ ಕಣ್ಣಿಗೇ ಕಂಡಿತು. ತಳಕ್ಕೆ ಬಣ್ಣ ಹಚ್ಚುವಾಗ ಪಟ್ಟಿಯನ್ನು ಕಳಚಿದ್ದಾರೆ. ಬಣ್ಣ ಒಣಗಿದ ಮೇಲೆ ಅದರ ಮೇಲೆಯೇ ಪಟ್ಟಿ ಇಟ್ಟು ಬೋಲ್ಟ್ ಬಿಗಿದಿದ್ದಾರೆ. ಲೋಹ ಲೋಹಕ್ಕೆ ತಾಗುತ್ತಿದ್ದದ್ದು ಬೋಲ್ಟಿನ ಎಳೆಯಲ್ಲಿ ಮಾತ್ರ. ಪಟ್ಟಿಯ ಅರ್ಧ ಎಳೆಗಳೂ ತುಂಡಾಗಿ ಕಪ್ಪಾಗಿದ್ದವು. ಬಿಸಿಯಾದಾಗ ಜೋಡಣೆ ಇನ್ನಷ್ಟು ಸಡಿಲ, ಅಡ್ಡಿ ಇನ್ನಷ್ಟು ಜಾಸ್ತಿ. ಮುಂಜಾನೆ ಹೇಗೋ ತಿರುಗಿ, ಓಡಿಸಿ ಬಂದ ಮೇಲೆ ಸೋಲುತ್ತಿದ್ದದ್ದು ಅದಕ್ಕೇ. ಹೊಸ ಬ್ಯಾಟರಿ, ರಿಪೇರಿಯಾದ ಸೆಲ್ಫ್ ಬಂದಾಗ ಎರಡು ದಿನ ಸುಧಾರಿಸಿದ ಹಾಗೆ ಕಂಡಿದ್ದೂ ಅಷ್ಟೇ. ಹೊಸದರ ಜೋರಿಗೆ ಹಳೆಯ ದೋಷ ಸ್ವಲ್ಪ ಹೊತ್ತು ಅಡಗಿತ್ತು.

“ಕರಿ ಬಿದ್ರಿಗಿ ಚಂದ, ವೈರಿಗಲ್ಲ” ಅಂದರು ಚಾಚಾ. ನಮ್ಮ ಬೀದರಿನಲ್ಲಿ ಕೋಟೆಯ ಮಣ್ಣು ಹಚ್ಚಿ ಸತುವಿನ ಪಾತ್ರೆಯನ್ನು ಬೇಕಂತಲೇ ಕಪ್ಪಗೆ ಮಾಡುತ್ತಾರಲ್ಲ, ಆ ಬಿದ್ರಿ.

ಬಾಡಿಯ ಆ ಜಾಗವನ್ನು ಸ್ಯಾಂಡ್‌ಪೇಪರಿನಿಂದ ಬೆಳ್ಳಿಯ ಹಾಗೆ ಹೊಳೆಯುವಷ್ಟು ತಿಕ್ಕಿದೆವು. ಹೊಸ ಪಟ್ಟಿ, ಹಲ್ಲಿನ ವಾಷರ್, ಬಿಗಿಯಾಗಿ ಬೋಲ್ಟ್. ಎಲ್ಲ ಬಿಗಿದಾದ ಮೇಲೆ ಹೊರಗಿನಿಂದ ಗ್ರೀಸ್. ಸುಟ್ಟು ಬಿರುಸಾಗಿದ್ದ ಚೋಕ್ ವೈರನ್ನೂ ಬದಲಿಸಿದೆವು. ಎರಡೂ ಸೇರಿ 400 ರೂಪಾಯಿ. ಚಾಚಾ ದುಡ್ಡು ತಗೊಳ್ಳಲಿಲ್ಲ, ಅವ್ವ ಮಾಡಿದ ಹೋಳಿಗೆ ಕಟ್ಟಿಸಿಕೊಂಡು ಹೋದರು.

ಮತ್ತೆ ಅಳೆದೆ. ವಾಪಸ್ ದಾರಿಯಲ್ಲಿ 0.1. ತಮಾಷೆ ಏನು ಗೊತ್ತಾ, ಸೆಲ್ಫ್ ಹೊಡೆಯುವಾಗ ಬ್ಯಾಟರಿ ಈಗ 10.4ಕ್ಕೆ ಇಳಿಯಿತು, ಮೊದಲಿಗಿಂತ ಕಡಿಮೆ. ಅದು ಕೆಟ್ಟಿದ್ದಲ್ಲ. ಈಗ ಸೆಲ್ಫ್‌ಗೆ ಬೇಕಾದಷ್ಟು ಕರೆಂಟು ನಿಜವಾಗಿ ಹರಿಯುತ್ತಿದೆ. ಸೆಲ್ಫ್‌ಗೆ ಸಿಗುತ್ತಿರೋದು 8.2 ಅಲ್ಲ, 10.

ನಿಮ್ಮ ಮನೆಯಲ್ಲೂ ಹಳೆ ಗಾಡಿ ಇದ್ದರೆ

ಅಂಬಾಸಿಡರ್ ಇರಲಿ, ಪ್ರೀಮಿಯರ್ ಪದ್ಮಿನಿ ಇರಲಿ, ಅಜ್ಜನ ಜೀಪ್ ಇರಲಿ, ಪಾಯಿಂಟ್ ಇರುವ ಯಾವ ಗಾಡಿಗೂ ಈ ಕ್ರಮ ನಡೆಯುತ್ತದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಶುರು ಮಾಡುವ ಮುಂಚೆ: ಕೈಯಲ್ಲಿ ಉಂಗುರ, ಕಡಗ ಬೇಡ. ಬ್ಯಾಟರಿ ಬಿಚ್ಚುವಾಗ ಅರ್ಥ್ ತುದಿ ಮೊದಲು, ಹಾಕುವಾಗ ಅದೇ ಕೊನೆಗೆ. ಕೆಲವು ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಪ್ಲಸ್ಸೇ ಅರ್ಥ್ ಆಗಿರುತ್ತದೆ, ಒಮ್ಮೆ ನೋಡಿಕೊಳ್ಳಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಕಿಡಿಯ ಪರೀಕ್ಷೆ ಮಾಡಬೇಡಿ.

ಸೆಲ್ಫ್ ತಿರುಗುತ್ತಲೇ ಇಲ್ಲ ಅಥವಾ ಜಡ: ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಲೈಟ್ ಪೂರಾ ಕುಸಿದರೆ ಬ್ಯಾಟರಿ ಅಥವಾ ಜಾಮ್ ಆದ ಸೆಲ್ಫ್. ಜಾಮ್ ಅನ್ನಿಸಿದರೆ ಇಗ್ನಿಶನ್ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ಅಲುಗಾಡಿಸಿ. ಸಿಕ್ಕಿಕೊಂಡ ಹಲ್ಲು ಎಷ್ಟೋ ಸಲ ಬಿಡುತ್ತದೆ. ಲೈಟ್ ಹಾಗೇ ಇದ್ದರೆ ದಾರಿಯ ದೋಷ. ಟರ್ಮಿನಲ್, ಸೊಲೆನಾಯ್ಡ್, ಅರ್ಥ್ ಪಟ್ಟಿ ನೋಡಿ. ಮೀಟರ್ ಇಲ್ಲದಿದ್ದರೆ ಚಾಚಾನ ಉಪಾಯ ಇದೆಯಲ್ಲ, ಒಂದು ಜಂಪರ್ ಕೇಬಲ್ ಸಾಕು.

ಸೆಲ್ಫ್ ಜೋರಾಗಿ ತಿರುಗುತ್ತದೆ, ಆದರೆ ಸ್ಟಾರ್ಟ್ ಇಲ್ಲ: ಈಗ ಕಿಡಿ ನೋಡಿ. ಇಗ್ನಿಶನ್ ಆನ್ ಮಾಡಿ, ಕಾಯಿಲ್‌ನ ಮೈನಸ್ ತುದಿಗೂ ಬಾಡಿಗೂ ನಡುವೆ 12 ವೋಲ್ಟಿನ ಸಣ್ಣ ಬಲ್ಬ್ ಹಿಡಿದು ಸೆಲ್ಫ್ ಹೊಡೆಸಿ. ಬಲ್ಬ್ ಮಿಣುಕಿದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ. ಒಂದೇ ಸಮ ಉರಿದರೆ ಪಾಯಿಂಟ್ ಕೊಳೆಯಾಗಿದೆ ಅಥವಾ ಮುಚ್ಚುತ್ತಿಲ್ಲ. ಉರಿಯಲೇ ಇಲ್ಲ ಅಂದರೆ ಕಾಯಿಲ್‌ಗೆ ಕರೆಂಟೇ ಬರುತ್ತಿಲ್ಲ, ಇಲ್ಲವೇ ಪಾಯಿಂಟ್ ಅಥವಾ ಕಂಡೆನ್ಸರ್ ಶಾರ್ಟ್ ಆಗಿದೆ. ಅಂಬಾಸಿಡರಿನ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಪಾಯಿಂಟ್‌ನಲ್ಲಿ ಜೋರು ಕಿಡಿ, ಪ್ಲಗ್‌ನಲ್ಲಿ ಮಾತ್ರ ಸೋತ ಹಳದಿ ಕಿಡಿ ಅಂದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಕಿಡಿ ನೀಲಿಯಾಗಿ ಚೆನ್ನಾಗಿದ್ದರೆ ಕರೆಂಟಿನ ಕಡೆ ಬಿಟ್ಟು ಪೆಟ್ರೋಲ್ ಕಡೆ ನಡೆಯಿರಿ.

ಸ್ಟಾರ್ಟ್ ಆಗುತ್ತದೆ, ಆದರೆ ಬ್ಯಾಟರಿ ಪದೇಪದೇ ಇಳಿಯುತ್ತದೆ: ಆಲ್ಟರ್ನೇಟರ್ ಇರುವ ಗಾಡಿಯಾದರೆ ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ಕಾಣಬೇಕು. 12.6ರ ಮೇಲೆ ಏಳದಿದ್ದರೆ ಚಾರ್ಜ್ ಆಗುತ್ತಿಲ್ಲ. ಹೊಸ ಬ್ಯಾಟರಿ ತಂದರೂ ಅದೇ ಕಥೆ.

ಇವೆಲ್ಲಕ್ಕಿಂತ ಮೊದಲು, ಗಾಡಿ ಓಡಿಸುವವರನ್ನು ಕೂರಿಸಿ ಎರಡು ಪ್ರಶ್ನೆ ಕೇಳಿ. ಯಾವಾಗಿನಿಂದ? ಅದಕ್ಕೆ ಸ್ವಲ್ಪ ಮುಂಚೆ ಏನು ಬದಲಾಯಿತು? ಅವರು ಹೇಳುವುದರಲ್ಲಿ ಯಾವುದು ನಿಮಗೆ ಅಸಂಬದ್ಧ ಅನ್ನಿಸುತ್ತದೋ ಅದರ ಕೆಳಗೆ ಗೆರೆ ಎಳೆಯಿರಿ. ಸಾಮಾನ್ಯ ಕಾರಣಕ್ಕೆ ಹೊಂದುವ ಲಕ್ಷಣ ಹತ್ತು ದೋಷಗಳಲ್ಲಿ ಕಾಣಿಸುತ್ತದೆ. ಎಲ್ಲಿಯೂ ಹೊಂದದ ಒಂದು ಲಕ್ಷಣ ಸೀದಾ ದೋಷದ ಮನೆಗೇ ಕರೆದುಕೊಂಡು ಹೋಗುತ್ತದೆ.

ನವೀಕರಣದ ಹಣ ಕಟ್ಟಿದ್ದಾಯಿತು. ಅವ್ವ ಈಗ ಎರಡು ಸಲ ಬೀದರ್‌ಗೆ ಹೋಗಿ ಬಂದಿದ್ದಾಳೆ. ಬರುವಾಗ ಸಂತಪುರದಲ್ಲಿ ಅದೇ ಜಾಗದಲ್ಲಿ ಚಹಾಕ್ಕೆ ನಿಲ್ಲಿಸಿದರಂತೆ. “ಬೇಕಂತಲೇ ನಿಂದ್ರಿಸ್ಯಾರ” ಅಂತ ಅವ್ವ ನಗುತ್ತಾ ಹೇಳಿದಳು. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರು, ಒಂದೇ ಹೊಡೆತಕ್ಕೆ ಸ್ಟಾರ್ಟ್.

ಮೊನ್ನೆ ರವಿವಾರ ಅಪ್ಪನ ಫೋನ್. ಎಲ್ಲ ಮಾತಾಡಿ ಆದಮೇಲೆ, ಇಡುವ ಮುಂಚೆ, “ಅಂದಂಗ, ಹಾರ್ನ್ ಸಪ್ಪಳ ಜರಾ ಕಮ್ಮಿ ಆದಂಗ ಅನಸ್ತದ. ಬಲಕ್ಕ ಹೊಳ್ಳಿಸಿದಾಗ ಅಷ್ಟೇ. ಏನಿಲ್ಲ ಬಿಡು” ಅಂದರು.

“ನಿಂದ್ರಿ ಅಪ್ಪಾ” ಅಂದೆ. ಮೀಟಿಂಗ್ ಇತ್ತು. ಐದು ನಿಮಿಷ ತಡವಾಗಿ ಬರ್ತೀನಿ ಅಂತ ಟೀಮಿಗೆ ಮೆಸೇಜ್ ಹಾಕಿ, ಕಾಗದ ಎಳೆದುಕೊಂಡೆ. “ಯಾವಾಗಿಂದ ಆಗ್ಲತ್ತದ, ಹೇಳ್ರಿ.”